ಬೋರ್‌ವೆಲ್ ನೀರಲ್ಲಿ ಕ್ರೋಮಿಯಂ ಬಂದಿದೆ: ಫಿಲ್ಟರ್ ಹಾಕಿಸೋದಾ, ನೆಲ ತೊಳೆಸೋದಾ?

ಬಡಾವಣೆ_ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡ ಹಾಗೇ ಇದೆ. ಹೆಸರು ಬೇಡ ಬಿಡಿ, ಇಲ್ಲಿ ಮನೆ ಮಾರೋಕೆ ಓಡಾಡುತ್ತಿರುವವರು ನನ್ನನ್ನು ಸುಮ್ನೆ ಬಿಡುವುದಿಲ್ಲ. ಕಾವೇರಿ ನೀರು ಬರುತ್ತದೆ, ಆದರೆ ದಿನಾ ಬರುವುದಿಲ್ಲ. ಉಳಿದ ಎಲ್ಲಕ್ಕೂ ಸಂಘದ ಬೋರ್‌ವೆಲ್ಲೇ ಗತಿ.

ಈ ಬೇಸಿಗೆಯಿಂದ ಬೋರ್ ನೀರು ತಿಳಿ ಹಳದಿಯಾಗಿ ಬರುತ್ತಿದೆ. ಪ್ಲಂಬರ್ ನೋಡಿ ತುಕ್ಕು ಅಂದ. ತುಕ್ಕಾದರೆ ರಾತ್ರಿ ಬಕೆಟ್‌ನಲ್ಲಿ ಹಿಡಿದಿಟ್ಟರೆ ಬೆಳಗಾಗುವಷ್ಟರಲ್ಲಿ ತಳ ಸೇರಬೇಕು. ಇದು ಸೇರುವುದಿಲ್ಲ. ವಾಸನೆಯೂ ಇಲ್ಲ. ಬಿಳಿ ಪಿಂಗಾಣಿ ಬಟ್ಟಲಿಗೆ ಹಾಕಿದರೆ ಬಣ್ಣ ಚೆನ್ನಾಗಿ ಕಾಣುತ್ತದೆ. ಕೊನೆಗೆ ಲ್ಯಾಬಿಗೆ ಕೊಟ್ಟೆವು. ಹೆಕ್ಸಾವೇಲೆಂಟ್, ಅಂದರೆ ಆರು ವೇಲೆನ್ಸಿಯ ಕ್ರೋಮಿಯಂ ಲೀಟರಿಗೆ 1.8 ಮಿಲಿಗ್ರಾಂ ಅಂತ ರಿಪೋರ್ಟ್ ಬಂದಿದೆ. ಪಕ್ಕದ ಕಾಲಂನಲ್ಲಿ ಮಿತಿ 0.05 ಅಂತ ಇದೆ.

ಸಂಘದ ಸಭೆಯಲ್ಲಿ ಮೂರು ಗುಂಪಾಯಿತು. ಒಂದು ಗುಂಪು ದೊಡ್ಡ ಆರ್‌ಒ ಪ್ಲಾಂಟ್ ಹಾಕಿಸೋಣ ಅನ್ನುತ್ತದೆ. ಇನ್ನೊಂದು, ಪಾರ್ಕಿನ ಆ ಮೂಲೆಯಲ್ಲಿ ಸಾವಿರ ಅಡಿಗೆ ಹೊಸ ಬೋರ್ ಹಾಕಿಸೋಣ, ಆಳದಲ್ಲಿ ನೀರು ಚೆನ್ನಾಗಿರುತ್ತದೆ ಅನ್ನುತ್ತದೆ. ಮೂರನೆಯವರು ರಿಪೋರ್ಟನ್ನು ಬೀರುವಿನಲ್ಲಿಡಿ, ಸೈಟ್ ರೇಟ್ ಬೀಳುತ್ತದೆ ಅಂದರು. ನೆಲದೊಳಗಿನ ನೀರನ್ನೇ ಸ್ವಚ್ಛ ಮಾಡೋಕೆ ಆಗುತ್ತಾ ಅಂತ ಒಬ್ಬ ಹುಡುಗಿ ಕೇಳಿದಳು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಇಲ್ಲಿ ಯಾರಿಗಾದರೂ ಗೊತ್ತಾ?

ತಟ್ಟೆಇಡ್ಲಿ

ಬೀರುವಿನಲ್ಲಿಡಿ ಅಂದವರು ಯಾವ ನೀರು ಕುಡಿಯುತ್ತಾರೆ ಅಂತ ಕೇಳಿದಿರಾ ಸಾರ್? ಕ್ಯಾನ್ ನೀರೇ ಇರಬೇಕು.

ಪಿಪೆಟ್

ನಾನು ನೀರು ಪರೀಕ್ಷೆ ಮಾಡುವ ಕೆಲಸದಲ್ಲೇ ಇದ್ದೇನೆ. ಮೊದಲು ಒಂದು ಮಾತು. ಬಣ್ಣ ಕಣ್ಣಿಗೆ ಕಾಣುತ್ತಿದೆ ಅಂದರೆ 1.8 ನಂಬುವಂಥ ಅಂಕಿಯೇ. ಕ್ರೋಮಿಯಂ ನೀರಿಗೆ ಹಳದಿ ತರುವಷ್ಟರಲ್ಲಿ ಮಿತಿಯನ್ನು ಎಷ್ಟೋ ಪಟ್ಟು ದಾಟಿರುತ್ತದೆ. ನಿಮ್ಮದು 36 ಪಟ್ಟು. ಪಕ್ಕದ ಬೀದಿಯ ಬೋರ್‌ನಲ್ಲಿ 0.3 ಇದ್ದರೆ ಅದು ಕನ್ನಡಿ ಹಾಗೆ ತಿಳಿಯಾಗಿರುತ್ತದೆ, ಆದರೂ ಮಿತಿಯ ಆರು ಪಟ್ಟು. ನಮ್ಮ ನೀರು ಬೆಳ್ಳಗಿದೆ ಅಂತ ಅವರು ನಿಶ್ಚಿಂತೆಯಿಂದ ಕುಡಿಯುತ್ತಿರುತ್ತಾರೆ. ನನಗೆ ಜಾಸ್ತಿ ಭಯ ಅವರದ್ದೇ.

ಟಿಡಿಎಸ್ ಮೀಟರ್ ಹಿಡಿದುಕೊಂಡು ಬರುವವರನ್ನು ಇದಕ್ಕೆ ನಂಬಬೇಡಿ. ಬೆಂಗಳೂರಿನ ಬೋರ್ ನೀರಲ್ಲಿ ಹೇಗೂ ನೂರಾರು ಮಿಲಿಗ್ರಾಂ ಲವಣ ಇರುತ್ತದೆ. ಅದರಲ್ಲಿ ಒಂದೆರಡು ಮಿಲಿಗ್ರಾಂ ಕ್ರೋಮಿಯಂ ಆ ಮೀಟರಿಗೆ ಗೊತ್ತೇ ಆಗುವುದಿಲ್ಲ.

ನೀರು ಹೇಗೆ ಹಿಡಿದಿರಿ ಅನ್ನುವುದೂ ಮುಖ್ಯ. ಓವರ್‌ಹೆಡ್ ಟ್ಯಾಂಕಿನ ನಲ್ಲಿಯಿಂದ ಹಿಡಿದಿದ್ದರೆ ಅದರಲ್ಲಿ ಕಾವೇರಿ ನೀರು ಬೆರೆತಿರಬಹುದು. ಬೋರ್‌ನ ಬಾಯಿಯಲ್ಲೇ, ಮೋಟಾರು ಸ್ವಲ್ಪ ಹೊತ್ತು ಓಡಿದ ಮೇಲೆ ಹಿಡಿಯಬೇಕು. ಆರು ವೇಲೆನ್ಸಿಯ ಕ್ರೋಮಿಯಂ ಪರೀಕ್ಷೆಗೆ ಆಸಿಡ್ ಹಾಕಬಾರದು. ಐಸ್‌ನಲ್ಲಿಟ್ಟು 24 ಗಂಟೆಯೊಳಗೆ ಲ್ಯಾಬ್ ಮುಟ್ಟಿಸಬೇಕು. ಒಟ್ಟು ಕ್ರೋಮಿಯಂ ನೋಡುವ ಬಾಟಲಿಗೆ ನೈಟ್ರಿಕ್ ಆಸಿಡ್ ಹಾಕುತ್ತಾರೆ. ಎರಡಕ್ಕೂ ಒಂದೇ ಬಾಟಲಿ ಕೊಟ್ಟಿದ್ದರೆ ಇನ್ನೊಮ್ಮೆ ಮಾಡಿಸಿ.

ಪುಟ್ಟೀ_ಅಮ್ಮ

ಕಾರ್ಯದರ್ಶಿಗಳೇ, ನಾವೂ ಅದೇ ಕಡೆಯವರು. ಕುಡಿಯೋಕೆ ಕ್ಯಾನ್ ತರಿಸುತ್ತೇವೆ. ಆದರೆ ಪಾತ್ರೆ, ಸ್ನಾನ, ಗಿಡ ಎಲ್ಲಕ್ಕೂ ಬೋರ್ ನೀರೇ. ಅಕ್ಕಿ ತೊಳೆಯುವುದೂ ಅದರಲ್ಲೇ. ಕಾಯಿಸಿದರೆ ಸರಿ ಹೋಗುತ್ತಾ? ನಮ್ಮತ್ತೆ ಪಟಿಕ ಹಾಕು, ತಾಮ್ರದ ಬಿಂದಿಗೆಯಲ್ಲಿಡು ಅಂತಾರೆ. ಪಕ್ಕದ ಮನೆಯವರು ಬ್ಲೀಚಿಂಗ್ ಪೌಡರ್ ಹಾಕುತ್ತಾರಂತೆ.

ಪಿಪೆಟ್

ಮೇಡಂ, ಕಾಯಿಸಬೇಡಿ. ನೀರು ಆವಿಯಾಗಿ ಹೋಗುತ್ತದೆ, ಕ್ರೋಮಿಯಂ ಪಾತ್ರೆಯಲ್ಲೇ ಉಳಿಯುತ್ತದೆ. ಕಾಯಿಸಿದಷ್ಟೂ ಗಟ್ಟಿ. ಪಟಿಕ ಮಣ್ಣನ್ನು ಕೂರಿಸುತ್ತದೆ, ಇದನ್ನು ಕೂರಿಸುವುದಿಲ್ಲ. ತಾಮ್ರದ ಬಿಂದಿಗೆಗೂ ಇದಕ್ಕೂ ಸಂಬಂಧವೇ ಇಲ್ಲ.

ಬ್ಲೀಚಿಂಗ್ ಪೌಡರ್ ಮಾತ್ರ ಬೇಡವೇ ಬೇಡ. ಕ್ರೋಮಿಯಂನಲ್ಲಿ ಎರಡು ಬಗೆ. ಮೂರು ವೇಲೆನ್ಸಿಯದ್ದು ನೀರಲ್ಲಿ ಅಷ್ಟಾಗಿ ಕರಗುವುದಿಲ್ಲ, ವಿಷವೂ ಕಡಿಮೆ. ಆರು ವೇಲೆನ್ಸಿಯದ್ದು ಚೆನ್ನಾಗಿ ಕರಗುತ್ತದೆ, ನೀರು ಹೋದಲ್ಲೆಲ್ಲ ಹೋಗುತ್ತದೆ. ಕ್ಲೋರಿನ್ ಮೂರನ್ನು ಆರು ಮಾಡಬಲ್ಲದು. ನಮಗೆ ಬೇಕಿರುವುದು ಅದರ ಉಲ್ಟಾ.

ಅಕ್ಕಿ, ಬೇಳೆ, ತರಕಾರಿ ತೊಳೆಯೋಕೆ ಕಾವೇರಿ ನೀರು ಇಟ್ಟುಕೊಳ್ಳಿ. ಬಾಯಿಗೆ ಹೋಗುವುದಕ್ಕೆಲ್ಲ ಅದೇ. ಚರ್ಮದ ಮೂಲಕ ಒಳಗೆ ಹೋಗುವುದು ಕಡಿಮೆ, ಆದರೆ ಅಲರ್ಜಿ ಇದ್ದವರಿಗೆ ಕಡಿತ, ಗಾಯ ಆಗಬಹುದು. ಮಗುವಿಗೆ ತುರಿಕೆ ಇದ್ದರೆ ಚರ್ಮದ ಡಾಕ್ಟರಿಗೆ ಈ ರಿಪೋರ್ಟನ್ನೂ ತೋರಿಸಿ. ಟಾಯ್ಲೆಟ್ಟಿಗೆ ಬಳಸಿದರೆ ತೊಂದರೆ ಇಲ್ಲ.

ತಟ್ಟೆಇಡ್ಲಿ

ನಿಂಬೆಹಣ್ಣು ಹಿಂಡಿದರೆ?

ಪಿಪೆಟ್

ತಮಾಷೆಗೆ ಕೇಳಿದಿರಿ, ಆದರೆ ವಿಟಮಿನ್ ಸಿ ನಿಜಕ್ಕೂ ಆರನ್ನು ಮೂರಕ್ಕೆ ಇಳಿಸುತ್ತದೆ. ಕ್ರೋಮಿಕ್ ಆಸಿಡ್ ಮೈಮೇಲೆ ಬಿದ್ದ ಕೆಲಸಗಾರರಿಗೆ ಅದನ್ನು ಹಚ್ಚುವುದೂ ಉಂಟು. ಹಾಗಂತ ಶರಬತ್ತು ಮಾಡಿ ಕುಡಿಯಬೇಡಿ.

ಕಲ್ಲುಬಂಡೆ

ಅಂತರ್ಜಲದ ಕೆಲಸದಲ್ಲಿ ತಲೆ ಬೆಳ್ಳಗಾದವನು ನಾನು. ಕಾರ್ಯದರ್ಶಿಯವರೇ, ಆರ್‌ಒ ಪ್ಲಾಂಟಿಗೆ ಅಡ್ವಾನ್ಸ್ ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಿ. ರಿಜೆಕ್ಟ್ ನೀರು, ಅಂದರೆ ಫಿಲ್ಟರ್ ಬೇಡ ಅಂತ ಹೊರಗೆ ತಳ್ಳುವ ನೀರನ್ನು, ಎಲ್ಲಿಗೆ ಬಿಡುತ್ತೀರಿ?

ಆರ್‌ಒ ಕ್ರೋಮಿಯಂ ಅನ್ನು ತಡೆಯುತ್ತದೆ, ಸುಳ್ಳಲ್ಲ. ಆದರೆ ಅದು ಕ್ರೋಮಿಯಂ ಅನ್ನು ನಾಶ ಮಾಡುವುದಿಲ್ಲ, ಈ ಪೈಪಿನಿಂದ ಆ ಪೈಪಿಗೆ ಕಳಿಸುತ್ತದೆ. ಅರ್ಧ ನೀರು ಒಳ್ಳೆಯದು, ಅರ್ಧ ರಿಜೆಕ್ಟ್ ಅಂತಿಟ್ಟುಕೊಳ್ಳಿ. ನಿಮ್ಮ 1.8 ಆ ರಿಜೆಕ್ಟ್‌ನಲ್ಲಿ ಹತ್ತಿರ ಹತ್ತಿರ 3.6 ಆಗುತ್ತದೆ. ಇದನ್ನು ಎಷ್ಟೋ ಕಡೆ ಎಲ್ಲಿಗೆ ಬಿಟ್ಟಿರುತ್ತಾರೆ ಗೊತ್ತಾ? ಮಳೆನೀರು ಇಂಗುಗುಂಡಿಗೆ. ನಾನೇ ನೋಡಿದ್ದೇನೆ. ಗುಂಡಿಯ ಮೇಲೆ "ಜಲ ಸಂರಕ್ಷಣೆ" ಅಂತ ಬೋರ್ಡು, ಕೆಳಗೆ ಆರ್‌ಒ ಪೈಪು ಬಂದು ಸೇರಿದೆ. ಅಲ್ಲಿಂದ ಮೂವತ್ತು ಅಡಿ ದೂರದಲ್ಲಿ ಅದೇ ಬೋರ್‌ವೆಲ್. ಮೇಲೆತ್ತಿದ್ದನ್ನು ಎರಡು ಪಟ್ಟು ಗಟ್ಟಿ ಮಾಡಿ ವಾಪಸ್ ಇಳಿಸುವುದು. ಚರಂಡಿಗೆ ಬಿಟ್ಟರೆ ಆ ಕಡೆಯ ನೀರು ಬಹಳಷ್ಟು ವೃಷಭಾವತಿಗೆ ಹೋಗುತ್ತದೆ, ಮುಂದೆ ಬೈರಮಂಗಲ ಕೆರೆಗೆ. ಅಲ್ಲಿನ ರೈತರು ಬೆಂಗಳೂರಿನದ್ದು ಉಂಡಿದ್ದು ಸಾಲದಾ?

ಇನ್ನು ಸಾವಿರ ಅಡಿ ಬೋರ್. ನಮ್ಮಲ್ಲಿ ಮೇಲೆ ಮಣ್ಣು, ಅದರ ಕೆಳಗೆ ಶಿಥಿಲವಾದ ಕಲ್ಲು, ಆಮೇಲೆ ಗಟ್ಟಿ ನೈಸ್ ಬಂಡೆ. ಬಂಡೆಯಲ್ಲಿ ನೀರಿರುವುದು ಬಿರುಕಿನಲ್ಲಿ ಮಾತ್ರ. ಕೊಳೆ ಸಾಮಾನ್ಯವಾಗಿ ಮೇಲಿನ ಶಿಥಿಲ ಪದರದಲ್ಲಿ ಜಾಸ್ತಿ. ನೀವು ಅದನ್ನು ತೂರಿಕೊಂಡು ಕೆಳಗೆ ಹೋಗುತ್ತೀರಿ. ಬೋರ್ ಕೊರೆಯುವವರು ಗಟ್ಟಿ ಕಲ್ಲು ಸಿಗುವ ತನಕ ಕೇಸಿಂಗ್ ಪೈಪ್ ಇಳಿಸಿ ಹೋಗುತ್ತಾರೆ. ಪೈಪಿಗೂ ನೆಲಕ್ಕೂ ನಡುವಿನ ಸಂದಿಗೆ ಸಿಮೆಂಟ್ ತುಂಬುವುದಿಲ್ಲ, ಜಲ್ಲಿ ಸುರಿಯುತ್ತಾರೆ. ಮೇಲಿನ ಕೆಟ್ಟ ನೀರಿಗೆ ಆಳಕ್ಕಿಳಿಯೋಕೆ ನೀವೇ ದಾರಿ ಮಾಡಿಕೊಟ್ಟ ಹಾಗಾಯಿತು. ಮೊದಲ ವರ್ಷ ನೀರು ಚೆನ್ನಾಗಿರಬಹುದು. ಅದನ್ನು ನೋಡಿ ಪಕ್ಕದ ಬಡಾವಣೆಯವರೂ ಕೊರೆಸುತ್ತಾರೆ.

ಲೇತ್_ಮೇಷ್ಟ್ರು

ನಾನು ಪೀಣ್ಯದಲ್ಲೇ ಸಣ್ಣ ಮೆಷಿನ್ ಶಾಪ್ ಇಟ್ಟುಕೊಂಡವನು. ಇಂಥ ಚರ್ಚೆ ಶುರುವಾದರೆ ಎಲ್ಲರೂ ನಮ್ಮ ಕಡೆ ಬೆರಳು ತೋರಿಸುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಲೇತ್ ಶಾಪ್‌ನಿಂದ ಕ್ರೋಮಿಯಂ ಬರುವುದಿಲ್ಲ. ಅದು ಬರುವುದು ಹೆಚ್ಚಾಗಿ ಪ್ಲೇಟಿಂಗ್ ಕೆಲಸದಿಂದ. ಹೈಡ್ರಾಲಿಕ್ ರಾಡ್, ನಲ್ಲಿ, ಬೈಕಿನ ಭಾಗ ಎಲ್ಲಕ್ಕೂ ಹೊಳಪು ಕೊಡುವ ಕ್ರೋಮ್.

ಭಾಗಗಳನ್ನು ಅದ್ದುವ ತೊಟ್ಟಿ, ಅಂದರೆ ಪ್ಲೇಟಿಂಗ್ ಬಾತ್‌ನಲ್ಲಿ ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಸಿಡ್ ಇರುತ್ತದೆ. ಕಡು ಕೆಂಪು ದ್ರಾವಣ. ಭಾಗಗಳನ್ನು ನೇತುಹಾಕುವ ಜಿಗ್ ಎತ್ತಿದಾಗ ಜಾಬ್‌ನಿಂದ ತೊಟ್ಟಿಕ್ಕುತ್ತದೆ. ಆಮೇಲೆ ತೊಳೆಯುವ ತೊಟ್ಟಿಗೆ ಅದ್ದುತ್ತಾರೆ. ಎತ್ತಿದ ಮೇಲೆ ಅರ್ಧ ನಿಮಿಷ ಬಾತ್ ಮೇಲೇ ಹಿಡಿದು ಸೋರಿಸಿದರೆ ಎಷ್ಟೋ ಆಸಿಡ್ ವಾಪಸ್ ತೊಟ್ಟಿಗೇ ಬೀಳುತ್ತದೆ, ದುಡ್ಡೂ ಉಳಿಯುತ್ತದೆ. ಪೀಸ್ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಆ ಹುಡುಗ ಅರ್ಧ ನಿಮಿಷ ಯಾಕೆ ಹಿಡಿಯುತ್ತಾನೆ ಹೇಳಿ? ನೆಲದ ಮೇಲೆ ಬಿದ್ದದ್ದು ಕಾಂಕ್ರೀಟನ್ನು ತಿಂದು ಬಿರುಕಿನಲ್ಲಿಳಿಯುತ್ತದೆ. ಹಳೇ ಶೆಡ್‌ಗಳ ನೆಲ ಅಗೆದರೆ ಮಣ್ಣೇ ಹಳದಿ ಇರುತ್ತದೆ.

ಈಗ ಶುದ್ಧವಾಗಿ ಕೆಲಸ ಮಾಡುವ ಘಟಕಗಳೂ ಇವೆ. ನೀರನ್ನು ಸಂಸ್ಕರಿಸಿ, ಉಳಿದ ಕೆಸರನ್ನು (ಸ್ಲಡ್ಜ್) ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ಕಳಿಸುತ್ತಾರೆ. ಅವರು ಖರ್ಚು ಮಾಡುತ್ತಾರೆ, ಪಕ್ಕದವನು ರಾತ್ರಿ ಚರಂಡಿಗೆ ಬಿಟ್ಟು ಕಡಿಮೆ ರೇಟಿಗೆ ಆರ್ಡರ್ ಹೊಡೆಯುತ್ತಾನೆ.

ಪಿಪೆಟ್

ಮೇಷ್ಟ್ರೇ, ನಿಮ್ಮ 250 ಗ್ರಾಂ ಲೆಕ್ಕ ಮುಂದುವರಿಸುತ್ತೇನೆ. ಕ್ರೋಮಿಕ್ ಆಸಿಡ್‌ನಲ್ಲಿ ತೂಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕ್ರೋಮಿಯಂ. ಅಂದರೆ ಒಂದು ಲೀಟರ್ ಬಾತ್‌ನಲ್ಲಿ 130 ಗ್ರಾಂ. ಅದನ್ನು 0.05ರ ಮಿತಿಗೆ ತೆಳು ಮಾಡಬೇಕು ಅಂದರೆ 26 ಲಕ್ಷ ಲೀಟರ್ ನೀರು ಬೇಕು. 12,000 ಲೀಟರಿನ ಟ್ಯಾಂಕರ್ ಆದರೆ ಇನ್ನೂರಕ್ಕೂ ಜಾಸ್ತಿ ಲೋಡು. ಒಂದು ಲೀಟರಿಗೆ!

ಕೆಂಡಸಂಪಿಗೆ

ಇಷ್ಟೆಲ್ಲ ಗೊತ್ತಿದ್ದೂ ಚರ್ಚೆ ಮಾಡುತ್ತಾ ಕೂತಿದ್ದೀರಲ್ಲ. ಎಲ್ಲ ಪ್ಲೇಟಿಂಗ್ ಅಂಗಡಿಗಳಿಗೂ ಬೀಗ ಹಾಕಿಸಿ. ನನ್ನ ಹತ್ತಿರ ಮೂರು ಹೆಸರಿದೆ, ಹಾಕಲಾ ಇಲ್ಲಿ?

ನಿರ್ವಾಹಕ

ಹಾಕಬೇಡಿ. ಯಾವ ಅಂಗಡಿಯ ಹೆಸರೂ ಇಲ್ಲಿ ಬೇಡ. ಪುರಾವೆ ಇದ್ದರೆ ಲಿಖಿತ ದೂರು ಕೊಡಿ. ಇಲ್ಲಿ ಹಾಕಿದರೆ ತೆಗೆಯುತ್ತೇನೆ.

ಕಲ್ಲುಬಂಡೆ

ಕೆಂಡಸಂಪಿಗೆಯವರೇ, ಸೋರಿಕೆ ನಿಲ್ಲಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಮೊದಲು ಮಾಡಬೇಕಾದ್ದೇ ಅದು. ಆದರೆ ಬೀಗ ಹಾಕಿದ ತಕ್ಷಣ ನೆಲ ಶುದ್ಧವಾಗುವುದಿಲ್ಲ.

ತಮಿಳುನಾಡಿನ ರಾಣಿಪೇಟೆ ನೋಡಿ. ಚರ್ಮ ಹದ ಮಾಡುವವರಿಗೆ ಕ್ರೋಮೇಟ್ ಲವಣ ತಯಾರಿಸುತ್ತಿದ್ದ ಕಾರ್ಖಾನೆ ಅಲ್ಲಿತ್ತು. 1990ರ ದಶಕದಲ್ಲೇ ಮುಚ್ಚಿತು. ಅಂಗಳದಲ್ಲಿ ಸುಮಾರು ಒಂದೂವರೆ ಲಕ್ಷ ಟನ್ ತ್ಯಾಜ್ಯದ ಗುಡ್ಡೆ ಉಳಿಯಿತು. ಮಳೆ ಬಂದಾಗೆಲ್ಲ ಅದರಿಂದ ಹಳದಿ ನೀರು ಇಳಿಯುತ್ತಲೇ ಬಂತು. ಬೀಗ ಬಿದ್ದದ್ದು ಗೇಟಿಗೆ, ಗುಡ್ಡೆಗಲ್ಲ. ಮಾಲೀಕ ಓಡಿಹೋದ ಮೇಲೆ ಖರ್ಚು ಯಾರದ್ದು ಅನ್ನುವ ಪ್ರಶ್ನೆ ಬೇರೆ. ಬೀಗ ಹಾಕಿಸುವ ಮುಂಚೆ ನೆಲದ ಲೆಕ್ಕ ಚುಕ್ತಾ ಮಾಡಿಸಿ ಅನ್ನುವುದು ನನ್ನ ವಾದ.

ಮೊಜಾವೆ_ಕನ್ನಡಿಗ

ನಾನು ತುಮಕೂರು ಕಡೆಯವನು, ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ನಮ್ಮ ಊರಿಂದ ಲಾಸ್ ವೇಗಸ್ ಕಡೆ ಹೋಗುವಾಗ ಬಾರ್ಸ್ಟೋ ಹತ್ತಿರ ಹಿಂಕ್ಲಿ ಅಂತ ಹಳ್ಳಿ ಸಿಗುತ್ತದೆ. ಮರುಭೂಮಿ. ಇದೇ ಕ್ರೋಮಿಯಂ ಕಥೆ ಅಲ್ಲಿ ಪೂರ್ತಿ ನಡೆದುಹೋಗಿದೆ.

ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿಯದ್ದು ಅಲ್ಲಿ ಗ್ಯಾಸ್ ಕಂಪ್ರೆಸರ್ ಕೇಂದ್ರ ಇದೆ. 1952ರಿಂದ 1966ರ ತನಕ ಕೂಲಿಂಗ್ ಟವರ್ ತುಕ್ಕು ಹಿಡಿಯಬಾರದು ಅಂತ ನೀರಿಗೆ ಆರು ವೇಲೆನ್ಸಿಯ ಕ್ರೋಮಿಯಂ ಹಾಕುತ್ತಿದ್ದರು. ಆ ನೀರನ್ನು ತಳಕ್ಕೆ ಏನೂ ಹಾಸದ ಹೊಂಡಗಳಿಗೆ ಬಿಟ್ಟರು. ಅದು ನೆಲದಲ್ಲಿ ಇಳಿಯಿತು, ಬಾವಿಗಳಿಗೆ ಸೇರಿತು. ಕಂಪನಿ ಸರ್ಕಾರಿ ಜಲ ಮಂಡಳಿಗೆ ತಿಳಿಸಿದ್ದು 1987ರಲ್ಲಿ. ಜನ ಕೇಸ್ ಹಾಕಿದರು, 1996ರಲ್ಲಿ 33.3 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು. ಇಷ್ಟು ಎಲ್ಲರಿಗೂ ಗೊತ್ತು, ಸಿನಿಮಾನೂ ಬಂತು.

ಜನರಿಗೆ ಅಷ್ಟಾಗಿ ಗೊತ್ತಿಲ್ಲದ್ದು ಆಮೇಲಿನ ಕೆಲಸ. ಕೊಳೆ ನೀರನ್ನು ಪಂಪ್ ಮಾಡಿ ಲೂಸರ್ನ್ ಹೊಲಕ್ಕೆ ಹಾಯಿಸುತ್ತಾರೆ. ಅದೇ, ಹಸುಗಳಿಗೆ ಹಾಕುತ್ತೇವಲ್ಲ, ಕುದುರೆ ಮಸಾಲೆ ಸೊಪ್ಪು. ಬೇರಿನ ಸುತ್ತಲಿನ ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಆರನ್ನು ಮೂರು ಮಾಡುತ್ತವೆ, ಅದು ಮಣ್ಣಿಗೆ ಅಂಟಿಕೊಳ್ಳುತ್ತದೆ. ಇನ್ನೊಂದು ಕಡೆ ಎಥನಾಲ್ ಅನ್ನು ನೇರವಾಗಿ ನೆಲದೊಳಕ್ಕೆ ಇಳಿಸುತ್ತಾರೆ. ಹೌದು, ಮದ್ಯಸಾರವೇ. ಅದನ್ನು ತಿಂದು ಬ್ಯಾಕ್ಟೀರಿಯಾ ಬೆಳೆದು ಆಮ್ಲಜನಕ ಮುಗಿಸುತ್ತವೆ, ಆಮೇಲೆ ಕ್ರೋಮಿಯಂ ಸರದಿ.

ಕೆಲಸ ಇನ್ನೂ ಮುಗಿದಿಲ್ಲ. ಹೊಂಡಕ್ಕೆ ಬಿಡುವುದು ನಿಂತು ಅರ್ಧ ಶತಮಾನದ ಮೇಲಾಯಿತು. ಈ ನಡುವೆ ಕಂಪನಿಯೇ ಎಷ್ಟೋ ಮನೆಗಳನ್ನು ಕೊಂಡುಕೊಂಡಿತು, ಜನ ಹೊರಟುಹೋದರು, 2013ರಲ್ಲಿ ಊರಿನ ಶಾಲೆಯೂ ಮುಚ್ಚಿತು.

ತಟ್ಟೆಇಡ್ಲಿ

ನೆಲಕ್ಕೆ ಎಣ್ಣೆ ಹೊಡೆಸುವುದು! ನಮ್ಮ ಬೀದಿಯಲ್ಲಿ ದಿನಾ ರಾತ್ರಿ ಸ್ವಯಂಸೇವಕರು ಮಾಡುತ್ತಾರೆ, ಸಂಬಳ ಇಲ್ಲದೇ.

ಮಂಡ್ಯ_ಆಲೆಮನೆ

ಎಥನಾಲ್ ಕೆಲಸ ಮಾಡುತ್ತೆ ಅಂದರೆ ಕಾಕಂಬಿ ಮಾಡಲ್ವಾ? ನಮ್ಮ ಕಡೆ ಸಕ್ಕರೆ ಕಾರ್ಖಾನೆಗಳಲ್ಲಿ ಟ್ಯಾಂಕ್‌ಗಟ್ಟಲೆ ಇರುತ್ತದೆ.

ಕಲ್ಲುಬಂಡೆ

ಮಾಡುತ್ತದೆ ಅಣ್ಣ. ಅಮೆರಿಕದಲ್ಲಿ ಕಾಕಂಬಿಯನ್ನು ನೀರಲ್ಲಿ ಕರಗಿಸಿ ಬಾವಿಗಳ ಮೂಲಕ ನೆಲದೊಳಕ್ಕೆ ಇಳಿಸಿ ಕ್ರೋಮಿಯಂ ಪ್ರಮಾಣ ತಗ್ಗಿಸಿದ್ದಾರೆ. ಚೀಸ್ ಮಾಡಿ ಉಳಿದ ಹಾಲಿನ ನೀರು, ಸಸ್ಯದ ಎಣ್ಣೆ ಎಲ್ಲ ಬಳಸುತ್ತಾರೆ. ಬ್ಯಾಕ್ಟೀರಿಯಾ ಬೇಡ, ಬೇಗ ಆಗಬೇಕು ಅಂದರೆ ಫೆರಸ್ ಸಲ್ಫೇಟ್, ಕ್ಯಾಲ್ಸಿಯಂ ಪಾಲಿಸಲ್ಫೈಡ್ ಥರದ ರಾಸಾಯನಿಕಗಳಿವೆ.

ಆದರೆ ದಯವಿಟ್ಟು ಯಾರೂ ಒಂದು ಡ್ರಮ್ ಕಾಕಂಬಿ ತಂದು ಸಂಘದ ಬೋರ್‌ಗೆ ಸುರಿಯಬೇಡಿ. ತಮಾಷೆ ಅಲ್ಲ, ಸುರಿಯುವವರು ಇದ್ದಾರೆ. ಬೋರ್ ಕೊಳೆತು ನಾರುತ್ತದೆ. ಅದಕ್ಕಿಂತ ಮುಖ್ಯ, ನೆಲದೊಳಗೆ ಆಮ್ಲಜನಕ ಪೂರ್ತಿ ಮುಗಿದರೆ ಕಲ್ಲಿನಲ್ಲಿ ಸುಮ್ಮನಿದ್ದ ಕಬ್ಬಿಣ, ಮ್ಯಾಂಗನೀಸ್, ಕೆಲವು ಕಡೆ ಆರ್ಸೆನಿಕ್ ಕರಗಿ ಹೊರಬರುತ್ತವೆ. ಹಿಂಕ್ಲಿಯಲ್ಲೂ ಈ ತಲೆನೋವು ಇತ್ತು. ಎಷ್ಟು ಹಾಕಬೇಕು, ಎಲ್ಲಿ ಹಾಕಬೇಕು, ಸುತ್ತಲಿನ ಬಾವಿಗಳಲ್ಲಿ ಏನಾಗುತ್ತಿದೆ ಅಂತ ನೋಡುತ್ತಾ ಮಾಡುವ ಕೆಲಸ ಇದು.

ನಮ್ಮಲ್ಲಿ ಇನ್ನೊಂದು ಕಷ್ಟ. ಹಿಂಕ್ಲಿಯಲ್ಲಿ ಮರಳು, ಜಲ್ಲಿ. ಔಷಧ ಹರಡುತ್ತದೆ. ಪೀಣ್ಯದ ಕೆಳಗೆ ಬಂಡೆಯ ಬಿರುಕು. ಒಂದು ಬೋರ್‌ಗೆ ಹಾಕಿದ್ದು ಇಪ್ಪತ್ತು ಅಡಿ ಪಕ್ಕದ ಬೋರ್‌ಗೆ ಮುಟ್ಟದೇ ಇರಬಹುದು, ಎರಡು ಬೀದಿ ಆಚೆ ಹೋಗಿ ಏಳಬಹುದು. ಮೇಲಿನ ಶಿಥಿಲ ಪದರದಲ್ಲಾದರೆ ಇದು ಚೆನ್ನಾಗಿ ನಡೆಯುತ್ತದೆ. ಆದ್ದರಿಂದ ನನ್ನ ಅಂದಾಜಿನಲ್ಲಿ ಇಲ್ಲಿಗೆ ಒಂದೇ ಮದ್ದು ಸಾಲದು. ಮೂಲದ ಹತ್ತಿರ ಹಳದಿ ಮಣ್ಣು ಅಗೆದು ತೆಗೆಯಬೇಕು. ಗಟ್ಟಿ ಕೊಳೆ ಇರುವಲ್ಲಿ ಪಂಪ್ ಮಾಡಿ ಮೇಲೆ ಸಂಸ್ಕರಿಸಬೇಕು. ಅಂಚಿನಲ್ಲಿ ಇಂಥ ಔಷಧ.

ಲೇತ್_ಮೇಷ್ಟ್ರು

ಕಬ್ಬಿಣದ ಪುಡಿಯಿಂದ ಕ್ರೋಮಿಯಂ ತಡೆಯುತ್ತಾರೆ ಅಂತ ಎಲ್ಲೋ ಓದಿದ್ದೆ. ನಿಜವಾದರೆ ನಮ್ಮಲ್ಲಿ ಟರ್ನಿಂಗ್ ಸ್ಕ್ರ್ಯಾಪ್‌ಗೆ ಬರವೇ ಇಲ್ಲ. ಲಾರಿ ಲಾರಿ ಕೊಡುತ್ತೇವೆ.

ಕಲ್ಲುಬಂಡೆ

ನಿಜ ಮೇಷ್ಟ್ರೇ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಎಲಿಜಬೆತ್ ಸಿಟಿಯಲ್ಲಿ ಕೋಸ್ಟ್ ಗಾರ್ಡ್‌ನವರ ಪ್ಲೇಟಿಂಗ್ ಶಾಪ್‌ನಿಂದ ಕ್ರೋಮಿಯಂ ಇಳಿದಿತ್ತು. 1996ರಲ್ಲಿ ನೀರು ಹರಿಯುವ ದಾರಿಗೆ ಅಡ್ಡವಾಗಿ 46 ಮೀಟರ್ ಉದ್ದ, ಸುಮಾರು 7 ಮೀಟರ್ ಆಳದ ಕಂದಕ ತೋಡಿ ಕಬ್ಬಿಣದ ಹರಳು ತುಂಬಿದರು. ಅಗಲ ಎರಡು ಅಡಿ ಅಷ್ಟೇ. ನೀರು ತಾನಾಗಿ ಅದರ ಮೂಲಕ ಹಾದುಹೋಗುತ್ತದೆ, ಕ್ರೋಮಿಯಂ ಅಲ್ಲೇ ಕೂರುತ್ತದೆ. ಕರೆಂಟ್ ಬೇಡ, ಮೋಟಾರ್ ಬೇಡ. ವರ್ಷಗಟ್ಟಲೆ ಕೆಲಸ ಮಾಡಿತು.

ನಿಮ್ಮ ಸ್ಕ್ರ್ಯಾಪ್‌ನಲ್ಲಿ ಕಟಿಂಗ್ ಆಯಿಲ್ ಇರುತ್ತದೆ, ಅದನ್ನು ತೆಗೆಯದೇ ಹಾಕಿದರೆ ಇನ್ನೊಂದು ಕೊಳೆ. ಇಂಥ ಕಬ್ಬಿಣದ ಗೋಡೆ ಹಾಕೋಕೆ ನೀರು ಯಾವ ಕಡೆ ಹರಿಯುತ್ತದೆ ಅಂತಲೂ ಗೊತ್ತಿರಬೇಕು. ಅದನ್ನು ಬಡಾವಣೆಯವರೇ ಸುಮಾರಾಗಿ ಕಂಡುಹಿಡಿಯಬಹುದು. ತ್ರಿಕೋನದ ಹಾಗೆ ಮೂರು ದಿಕ್ಕಿನ ಮೂರು ಬೋರ್ ಆರಿಸಿ. ರಾತ್ರಿಯೆಲ್ಲ ಮೋಟಾರ್ ನಿಲ್ಲಿಸಿ, ಬೆಳಿಗ್ಗೆ ನೀರು ಎಷ್ಟು ಕೆಳಗಿದೆ ಅಂತ ಟೇಪ್ ಇಳಿಸಿ ಅಳೆಯಿರಿ. ಬೋರ್ ಬಾಯಿಯ ಎತ್ತರವನ್ನು ಸರ್ವೇಯರ್ ಒಬ್ಬರು ಅರ್ಧ ದಿನದಲ್ಲಿ ಹೇಳುತ್ತಾರೆ. ಎತ್ತರದಿಂದ ಆಳ ಕಳೆದರೆ ನೀರಿನ ಮಟ್ಟ. ಹೆಚ್ಚಿನ ಮಟ್ಟದಿಂದ ಕಡಿಮೆ ಕಡೆಗೆ ಹರಿವು. ಬಂಡೆಯಲ್ಲಿ ಇದು ಕರಾರುವಾಕ್ಕಲ್ಲ, ಆದರೂ ಕೊಳೆ ಯಾವ ದಿಕ್ಕಿನಿಂದ ಬಂದಿರಬಹುದು ಅಂತ ಸುಳಿವು ಸಿಗುತ್ತದೆ.

ಒಂದು ಎಚ್ಚರಿಕೆ. ಸುತ್ತಮುತ್ತ ಯಾರಾದರೂ ಟ್ಯಾಂಕರ್‌ಗೆ ನೀರು ತುಂಬುವವರು ಹಗಲೂ ರಾತ್ರಿ ಎತ್ತುತ್ತಿದ್ದರೆ ಹರಿವೇ ಅವರ ಕಡೆ ತಿರುಗಿರುತ್ತದೆ. ಕೊಳೆಯೂ ಅಲ್ಲಿಗೇ.

ಪುಟ್ಟೀ_ಅಮ್ಮ

ಅಯ್ಯೋ, ಕಾವೇರಿ ಬರದ ದಿನ ನಾವು ತರಿಸುವ ಟ್ಯಾಂಕರ್ ಅಲ್ಲಿಂದಲೇ ಬರುತ್ತದೆ.

ಕರಿಕೋಟು

ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಕೊಳೆ ಮಾಡಿದವನೇ ಸ್ವಚ್ಛತೆಯ ಖರ್ಚು ಕೊಡಬೇಕು ಅನ್ನುವುದು ನಮ್ಮಲ್ಲಿ ಇತ್ಯರ್ಥವಾದ ಮಾತು. 1996ರಲ್ಲಿ ಸುಪ್ರೀಂ ಕೋರ್ಟ್ ಎರಡು ತೀರ್ಪಿನಲ್ಲಿ ಅದನ್ನು ಹೇಳಿತು. ಒಂದು ವೆಲ್ಲೂರಿನ ಚರ್ಮದ ಕಾರ್ಖಾನೆಗಳದ್ದು. ಇನ್ನೊಂದು ರಾಜಸ್ಥಾನದ ಉದಯಪುರದ ಹತ್ತಿರದ ಬಿಛ್ರಿ ಹಳ್ಳಿಯದ್ದು. ಅಲ್ಲಿ ರಾಸಾಯನಿಕ ಕಾರ್ಖಾನೆಯ ತ್ಯಾಜ್ಯ ಇಳಿದು ಬಾವಿ ನೀರೇ ಕಂದು ಬಣ್ಣಕ್ಕೆ ತಿರುಗಿತ್ತು.

ಗೆದ್ದ ಮೇಲೂ ಕೆಲಸ ಎಳೆಯುತ್ತದೆ ಅನ್ನುವುದಕ್ಕೂ ಬಿಛ್ರಿಯೇ ಸಾಕ್ಷಿ. ತೀರ್ಪು 1996. ಒಂದಾದ ಮೇಲೊಂದು ಅರ್ಜಿ ಹಾಕಿ ಕಾರ್ಖಾನೆಯವರು ದುಡ್ಡು ಕಟ್ಟದೇ ತಳ್ಳಿದರು. 37 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಚಕ್ರಬಡ್ಡಿ ಸಮೇತ ಕಟ್ಟಿ ಅಂತ ಕೋರ್ಟ್ ಮತ್ತೆ ಹೇಳಬೇಕಾಗಿ ಬಂದದ್ದು 2011ರಲ್ಲಿ.

ಈಗ ನಿಮಗೆ ಎರಡು ದಾರಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗಬಹುದು, ಕರ್ನಾಟಕ ಅದರ ವ್ಯಾಪ್ತಿಯಲ್ಲಿದೆ. ಪರಿಹಾರಕ್ಕೆ, ಪರಿಸರ ಸರಿಪಡಿಸುವುದಕ್ಕೆ ಅರ್ಜಿ ಹಾಕಲು 5 ವರ್ಷದ ಗಡುವು. ಅದು ಓಡುತ್ತಾ ಇರುತ್ತದೆ. ರಿಪೋರ್ಟನ್ನು ಬೀರುವಿನಲ್ಲಿಡಿ ಅಂದ ಹಿರಿಯರಿಗೆ ಇದನ್ನು ತಿಳಿಸಿ.

ಇನ್ನೊಂದು, ಕಲುಷಿತ ಪ್ರದೇಶಗಳ ನಿರ್ವಹಣೆಗೆ ಅಂತಲೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮ ತಂದಿದೆ. ಅದಕ್ಕೂ ಮುಂಚೆ ಹಳೇ ಕೊಳೆ ನೆಲದ ಬಗ್ಗೆ ಪ್ರತ್ಯೇಕ ನಿಯಮವೇ ಇರಲಿಲ್ಲ. ಜಿಲ್ಲಾಡಳಿತ ಅಥವಾ ಸ್ಥಳೀಯ ಸಂಸ್ಥೆ ಅನುಮಾನದ ಜಾಗಗಳನ್ನು ಪಟ್ಟಿ ಮಾಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ ಮಾಡಬೇಕು, ಆಮೇಲೆ ವಿವರವಾದ ಸಮೀಕ್ಷೆ. ಕೊಳೆ ಮಾಡಿದವರು ಸಿಕ್ಕರೆ ಖರ್ಚು ಅವರದ್ದು. ಸಿಗದಿದ್ದರೆ ಸರ್ಕಾರದ್ದು.

ಫೋನ್ ಮಾಡಿ ಸಾಹೇಬರಿಗೆ ಹೇಳಿದ್ದೇವೆ ಅನ್ನುವುದು ದೂರಲ್ಲ. ಲಿಖಿತವಾಗಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಒಂದು ರಿಪೋರ್ಟ್ ಇಟ್ಟುಕೊಂಡು ಹೋದರೆ "ನಿಮ್ಮ ಪೈಪ್ ಚೆಕ್ ಮಾಡಿಸಿ" ಅಂತ ಕಳಿಸುತ್ತಾರೆ. ಹನ್ನೆರಡು ಬೋರ್‌ಗಳ ರಿಪೋರ್ಟ್, ಮ್ಯಾಪ್‌ನಲ್ಲಿ ಗುರುತು ಮಾಡಿ ಕೊಟ್ಟರೆ ಹಾಗೆ ಹೇಳೋಕಾಗುವುದಿಲ್ಲ.

ಕೆಂಡಸಂಪಿಗೆ

90 ದಿನ ಅಂತ ಬರೆದಿದ್ದರೆ 900 ದಿನ ಅಂತ ಓದಿಕೊಳ್ಳಬೇಕು ನಮ್ಮಲ್ಲಿ.

ಕರಿಕೋಟು

91ನೇ ದಿನ ಜ್ಞಾಪನ ಪತ್ರ ಕೊಡಿ. ನ್ಯಾಯಮಂಡಳಿಗೆ ಹೋದಾಗ ಅದೇ ನಿಮ್ಮ ಮೊದಲ ದಾಖಲೆ.

ಬಡಾವಣೆ_ಕಾರ್ಯದರ್ಶಿ

ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಪ್ರಿಂಟ್ ತೆಗೆದು ನಿನ್ನೆ ಸಭೆಗೆ ಒಯ್ದಿದ್ದೆ. ಕಲ್ಲುಬಂಡೆಯವರ ರಿಜೆಕ್ಟ್ ಪ್ರಶ್ನೆಯನ್ನು ಆರ್‌ಒ ಕಂಪನಿಯ ಹುಡುಗನಿಗೆ ಎಲ್ಲರ ಎದುರೇ ಕೇಳಿದೆ. "ಅದು ಕಸ್ಟಮರ್ ಸೈಡ್ ಸಾರ್" ಅಂದ. ಅಲ್ಲಿಗೆ ಆ ಮಾತು ಮುಗಿಯಿತು. ಹೊಸ ಬೋರ್ ಕೂಡ ಸದ್ಯಕ್ಕೆ ಇಲ್ಲ.

ಕುಡಿಯುವುದಕ್ಕೂ ಅಡುಗೆಗೂ ಕಾವೇರಿ ನೀರು ಸಾಲುವ ಹಾಗೆ ಸಂಪ್‌ನಲ್ಲಿ ಬೇರೆ ತೊಟ್ಟಿ ಕಟ್ಟಿಸುತ್ತೇವೆ. ಬೋರ್ ಲೈನಿಗೆ ಬೇರೆ ಪೈಪು, ನಲ್ಲಿಗಳಿಗೆ ಕೆಂಪು ಬಣ್ಣ. ಟ್ಯಾಂಕರ್‌ನವರಿಗೆ ಲ್ಯಾಬ್ ರಿಪೋರ್ಟ್ ಕೊಟ್ಟರೆ ಮಾತ್ರ ಗೇಟ್ ಒಳಗೆ ಬನ್ನಿ ಅಂದೆವು. ಒಬ್ಬರು ಆಗಲೇ ಬರುವುದು ನಿಲ್ಲಿಸಿದ್ದಾರೆ.

ಅಕ್ಕಪಕ್ಕದ ಎರಡು ಬಡಾವಣೆಯವರೂ ಬೋರ್ ಪರೀಕ್ಷೆಗೆ ಒಪ್ಪಿದರು. ಒಟ್ಟು ಹದಿನಾಲ್ಕು ಬೋರ್, ಒಂದು ಹಳೇ ತೆರೆದ ಬಾವಿ. ಅವುಗಳಲ್ಲಿ ಎರಡು ಬೋರ್ ಬತ್ತಿವೆ, ಬಾಯಿಗೆ ಗೋಣಿಚೀಲ ಮುಚ್ಚಿದ್ದಾರೆ ಅಷ್ಟೇ. ಅವನ್ನೇನು ಮಾಡಬೇಕು? ರಿಪೋರ್ಟ್ ಬೀರುವಿನಲ್ಲಿಡಿ ಅಂದವರು ದೂರಿಗೆ ಸಹಿ ಹಾಕಿಲ್ಲ, ಆದರೆ ಅವರ ಸೊಸೆ ಹಾಕಿದ್ದಾರೆ.

ಕಲ್ಲುಬಂಡೆ

ಬತ್ತಿದ ಬೋರ್‌ಗೆ ಮಣ್ಣು, ಕಸ ತುಂಬಬೇಡಿ. ರಾತ್ರಿ ಯಾರಾದರೂ ಟ್ಯಾಂಕರ್ ತಂದು ಅದರೊಳಗೆ ಏನಾದರೂ ಬಿಟ್ಟರೆ ನೇರವಾಗಿ ಬಂಡೆಯ ಬಿರುಕಿಗೇ ಹೋಗುತ್ತದೆ. ಸದ್ಯಕ್ಕೆ ಬೋಲ್ಟ್ ಹಾಕುವ ಕಬ್ಬಿಣದ ಮುಚ್ಚಳ ಕೂರಿಸಿ. ಮೇಷ್ಟ್ರ ಶಾಪ್‌ನಲ್ಲೇ ಮಾಡಿಸಬಹುದು. ಪೂರ್ತಿ ಮುಚ್ಚಬೇಡಿ, ಮುಂದೆ ನೀರಿನ ಮಟ್ಟ ನೋಡೋಕೆ ಅವೇ ಬೇಕು. ತೆರೆದ ಬಾವಿಯ ಮಾದರಿಯನ್ನು ಬಿಡಲೇಬೇಡಿ. ಮೇಲಿನ ಪದರ ಹೇಗಿದೆ ಅಂತ ಹೇಳುವುದು ಅದೊಂದೇ.

ಲೇತ್_ಮೇಷ್ಟ್ರು

ಕೇಸಿಂಗ್ ಆರೂವರೆ ಇಂಚಾ, ಎಂಟಾ ಅಂತ ಅಳತೆ ಕಳಿಸಿ. ಮುಚ್ಚಳ ನನ್ನ ಕಡೆಯಿಂದ.

ಪಿಪೆಟ್

ಬಾಟಲಿಗಳನ್ನು ಲ್ಯಾಬಿನಿಂದಲೇ ತನ್ನಿ, ನೀರಿನ ಬಾಟಲಿ ತೊಳೆದು ಬಳಸಬೇಡಿ. ಪ್ರತಿ ಬೋರ್‌ಗೂ ಎರಡು. ಬಾಟಲಿ ಮೇಲೆ ಸಮಯ ಬರೆಯಿರಿ, ಹಿಡಿಯುವಾಗ ಬೋರ್ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ, ಪಕ್ಕದ ಬಡಾವಣೆಯವರೊಬ್ಬರು ಜೊತೆಗಿರಲಿ. ಭಾನುವಾರ ಹಿಡಿಯಬೇಡಿ, ಲ್ಯಾಬ್ ರಜೆ ಇದ್ದರೆ 24 ಗಂಟೆ ದಾಟಿಹೋಗುತ್ತದೆ. ಸೋಮವಾರ ಬೆಳಿಗ್ಗೆ ಬೇಗ ಶುರು ಮಾಡಿ. ಐಸ್ ಬಾಕ್ಸ್ ಇದೆಯಾ?

ಪುಟ್ಟೀ_ಅಮ್ಮ

ನಮ್ಮ ಮನೆಯವರು ಐಸ್‌ಕ್ರೀಂ ಏಜೆನ್ಸಿ. ಎರಡು ದೊಡ್ಡ ಬಾಕ್ಸ್ ಇವೆ, ಸೋಮವಾರ ಆರು ಗಂಟೆಗೆ ಪಾರ್ಕ್ ಗೇಟ್ ಹತ್ತಿರ ತರುತ್ತೇನೆ.